ಚೀಲದಲ್ಲಿ ಇಲ್ಲದ ಹನ್ನೊಂದು

ನಾನು ಒಂದು ಜೆರ್ಸಿ. ನನ್ನ ನಂಬರು ಹನ್ನೊಂದು. ಹದಿನಾಲ್ಕು ವರ್ಷ ಒಂದು ಟ್ರಂಕಿನ ತಳದಲ್ಲಿ, ಕಂದು ಕಾಗದದೊಳಗೆ ಮಲಗಿದ್ದೆ. ಬೆಳಕು ಕಂಡದ್ದು ಕಳೆದ ಗುರುವಾರ.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅದು. ಮಂಡ್ಯದ ಆ ಬೀದಿಗೆ ನಲ್ಲಿ ನೀರು ಬಿಡುವ ದಿನ. ಬಿಂದುಶ್ರೀ ಆರು ಗಂಟೆಗೆ ಎದ್ದು ಡ್ರಮ್ಮು ತುಂಬಿಸಿದಳು. ತುಂಬಿದ ಡ್ರಮ್ಮನ್ನು ಒಳಕ್ಕೆ ಸರಿಸುವುದು ಅವಳ ಗಂಡ ಯೋಗಾನಂದನ ಕೆಲಸವಾಗಿತ್ತು. ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಕ್ಟರಿಗೆ ಅವನ ಬೈಕು ಗುದ್ದಿ ಹನ್ನೆರಡು ದಿನವಾಗಿತ್ತು. ಡ್ರಮ್ಮು ಅಂಗಳದಲ್ಲೇ ಉಳಿಯಿತು. ಅವಳು ಅದಕ್ಕೆ ಮುಚ್ಚಳ ಹಾಕಿ ಒಳಗೆ ಬಂದಳು. ಯಾವುದೋ ಅರ್ಜಿಗೆ ಗಂಡನ ಅಂಕಪಟ್ಟಿ ಬೇಕಿತ್ತು. ಟ್ರಂಕು ತೆರೆದಳು. ಅಂಕಪಟ್ಟಿ ಸಿಗಲಿಲ್ಲ. ನಾನು ಸಿಕ್ಕಿದೆ.

ನಾನು ಹುಟ್ಟಿದ್ದು ಒಂದು ಹೊಲಿಗೆ ಕಾರ್ಖಾನೆಯಲ್ಲಿ. ಒಟ್ಟು ಹನ್ನೆರಡು ಮಂದಿ ನಾವು, ಹದಿನೆಂಟು ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ತಂಡಕ್ಕಾಗಿ ಹೊಲಿದವರು. ನಮ್ಮ ನಂಬರು ನಾಲ್ಕರಿಂದ ಹದಿನೈದು. ಒಂದು, ಎರಡು, ಮೂರು ಆಗಿನ ಕಾಲಕ್ಕೆ ಯಾರಿಗೂ ಇಲ್ಲ. ಅಷ್ಟು ಬೆರಳೆತ್ತಿ ರೆಫರಿ ಅಂಕ ತೋರಿಸಬೇಕು. ಅಂಕಿ ಒತ್ತುವಾಗ ಇಸ್ತ್ರಿ ಹೆಂಗಸಿನ ಕೈ ಜರುಗಿ ನನ್ನ ಎರಡನೆಯ ಒಂದರ ಅಂಕಿ ಸ್ವಲ್ಪ ವಾಲಿತು.

ಮೊದಲ ವರ್ಷ ನನ್ನನ್ನು ತೊಟ್ಟವನು ಪಂಜಾಬಿನ ಹುಡುಗ. ನನ್ನ ತುದಿ ಅವನ ಸೊಂಟಕ್ಕೂ ಎಟುಕುತ್ತಿರಲಿಲ್ಲ. ಆಡಿದ ಪಂದ್ಯವೆಲ್ಲ ಸೋತೆವು. ಎರಡನೆಯ ವರ್ಷ ಕೊಟ್ಟಾಯಂ ಕಡೆಯವನು. ಒಂದೇ ಒಂದು ಅಂಕದಿಂದ ಒಂದೇ ಒಂದು ಪಂದ್ಯ ಗೆದ್ದೆವು, ಹುಡುಗರು ನೆಲಕ್ಕೆ ಬಿದ್ದು ಅತ್ತರು. ಮೂರನೆಯ ವರ್ಷ ಬಂದವನು ಮಂಡ್ಯದ ಯೋಗಾನಂದ. ಆ ಸಲ ಏಳನೇ ಸ್ಥಾನ. ನಾವು ಹನ್ನೆರಡು ಮಂದಿ ಅದಕ್ಕಿಂತ ಮೇಲೆ ಹೋದದ್ದಿಲ್ಲ.

ನಮ್ಮ ತಂಡದಲ್ಲೊಂದು ಪದ್ಧತಿಯಿತ್ತು. ಕೊನೆಯ ಪಂದ್ಯ ಮುಗಿದ ಮೇಲೆ ಒಬ್ಬೊಬ್ಬನೂ ತನ್ನ ಜೆರ್ಸಿ ಒಗೆದು, ಒಳಮೈ ಹೊರಗೆ ಮಾಡಿ, ಸುರುಳಿ ಸುತ್ತಿ ಮ್ಯಾನೇಜರ ಮುಂದಿಡಬೇಕು. ಅವರು ಸುರುಳಿಗಳನ್ನು ಎಣಿಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದರು. ಬಿಚ್ಚಿ ನೋಡುತ್ತಿರಲಿಲ್ಲ. ಯೋಗಾನಂದ ಅಭ್ಯಾಸದ ಬನಿಯನ್ನೊಂದನ್ನು ಸುರುಳಿ ಸುತ್ತಿ ನನ್ನ ಜಾಗಕ್ಕಿಟ್ಟ. ಎಣಿಕೆ ಸರಿಯಾಗಿ ಹನ್ನೆರಡು ಬಂತು.

ಅವನು ಕಳ್ಳನಲ್ಲ. ಅವ್ವನಿಗೆ ತೋರಿಸಿ, ಮುಂದಿನ ವರ್ಷದ ಕ್ಯಾಂಪಿಗೆ ತಾನೇ ತೊಟ್ಟು ಬರುವ ಲೆಕ್ಕ ಅವನದು. ವಯೋಮಿತಿ ಮೀರಲು ಅವನಿಗಿನ್ನೂ ಒಂದು ವರ್ಷವಿತ್ತು. ಆದರೆ ಮಂಡಿ ಕೈಕೊಟ್ಟಿತು. ಅವನ ಜಾಗಕ್ಕೆ ಆಯ್ಕೆಯಾದವನು ಅದೇ ಬೀದಿಯ ಸಿದ್ದರಾಜು, ಯೋಗಾನಂದನೇ ಕೈಹಿಡಿದು ಆಟ ಕಲಿಸಿದ ಹುಡುಗ.

"ಲೇ ಸಿದ್ದ, ನಿಂಗೂ ಹನ್ನೊಂದೇ ಕೊಡ್ತರೆ ನೋಡ್ಲಾ. ನನ್ ಬೆವ್ರು ನಾತ ಹೊಡೀತದೆ, ಮೂಗ್ ಮುಚ್ಕಂಡ್ ಆಡು!"

"ನಿನ್ ನಾತ ನಂಗೇನ್ ಹೊಸ್ದಾ ಬುಡಣ್ಣ."

ಇಬ್ಬರೂ ನಕ್ಕರು. ನಾನು ಅವರ ಕಾಲಬುಡದ ಟ್ರಂಕಿನಲ್ಲಿದ್ದೆ. ಕೂಗಲು ನನಗೆ ಬಾಯಿಲ್ಲ.

ಮಾರನೆಯ ದಿನವೇ ಯೋಗಾನಂದ ನನ್ನ ಮಡಿಕೆಯಲ್ಲೊಂದು ಚೀಟಿಯಿಟ್ಟು, ಕಾಗದದಲ್ಲಿ ಸುತ್ತಿ, ಮ್ಯಾನೇಜರ ವಿಳಾಸ ಬರೆದು ಅಂಚೆ ಕಚೇರಿಗೆ ಒಯ್ದ. ಸಾಲಿನಲ್ಲಿ ನಿಂತ. ಅವನ ಸರದಿ ಬರುವ ಹೊತ್ತಿಗೆ, ಕಳ್ಳ ಅಂದಾರೆಂಬ ನಾಚಿಕೆಗೆ ಹೊರಬಂದ. ಎರಡು ದಿನ ಬಿಟ್ಟು ಇನ್ನೊಮ್ಮೆ ಒಯ್ದ. "ಇಲ್ದಿದ್ರೆ ಹೊಸ್ದು ಹೊಲುಸ್ಕತರೆ ಬುಡು" ಎಂದು ತನಗೇ ಹೇಳಿಕೊಂಡು ಸೈಕಲ್ಲು ತಿರುಗಿಸಿದ.

ಹೊಲಿಸಲಿಲ್ಲ. ಚೀಲದ ಬಾಯಿ ಬಿಚ್ಚಿದ್ದೇ ಪರದೇಶದಲ್ಲಿ, ಮೊದಲ ಪಂದ್ಯದ ದಿನ. ಟೂರ್ನಿ ಮುಗಿಸಿ ಬಂದ ಸಿದ್ದರಾಜು ಯೋಗಾನಂದನ ಮಂಚದ ಮೇಲೆ ಕೂತು ಹೇಳಿದ್ದನ್ನು ನಾನು ಕೇಳಿದೆ.

"ಒಂದ್ ನಿಮ್ಸನೂ ಆಡುಸ್ನಿಲ್ಲ ಕಣಣ್ಣ. ಜೆರ್ಸಿ ಒಂದ್ ಕಮ್ಮಿ ಐತೆ, ಕೂತ್ಕೊ ಅಂದ್ರು. ನೆಪ ಅದು. ಆಟ ಸಾಲ್ದು ಅಂತ ಮಕುಕ್ಕೆ ಹೇಳಕಾಯ್ತದಾ?"

ಯೋಗಾನಂದ ಕಾಲಿನಿಂದ ಟ್ರಂಕನ್ನು ಮಂಚದಡಿಗೆ ತಳ್ಳಿದ. ಸಿದ್ದರಾಜುವಿಗೆ ಅದೇ ಕೊನೆಯ ವರ್ಷ. ಮತ್ತೆ ಯಾವ ಆಯ್ಕೆಗೂ ಅವನು ಹೋಗಲಿಲ್ಲ. ಸಕ್ಕರೆ ಕಾರ್ಖಾನೆ ಸೇರಿ ಕಬ್ಬಿನ ಗಾಡಿ ತೂಗುವ ಕೆಲಸ ಹಿಡಿದ. ಯೋಗಾನಂದನ ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟವನೂ ಅವನೇ.

ಗುರುವಾರ ಬಿಂದುಶ್ರೀ ನನ್ನ ಮಡಿಕೆಯೊಳಗಿದ್ದ ಚೀಟಿ ಓದಿದಳು. "ಸಾರ್, ಹನ್ನೊಂದು ನನ್ನ ಹತ್ತಿರ ಇದೆ. ತಪ್ಪು ನನ್ನದು. ಸಿದ್ದರಾಜುಗೆ ಕೊಡಿ, ಅವನು ಚೆನ್ನಾಗಿ ಆಡುತ್ತಾನೆ." ಅವಳು ಎಂ.ಎ. ಓದಿದವಳು, ಆ ನಾಲ್ಕು ಮಾತನ್ನು ಓದಲು ಬಹಳ ಹೊತ್ತು ಹಿಡಿಯಿತು. ಅಳಲಿಲ್ಲ. ನನ್ನನ್ನು ಒಗೆದು ಹಗ್ಗಕ್ಕೆ ಹಾಕಿದಳು. ಗಂಡನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದರಿಂದ ಹಗ್ಗದ ಮೇಲೆ ನಾನೊಬ್ಬನೇ ಇದ್ದೆ.

ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಸಿಮೆಂಟಿನ ಅಂಕಣಕ್ಕೆ ಹೋದಳು. ಸಿದ್ದರಾಜು ಅಲ್ಲಿ ಕಾರ್ಮಿಕರ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಾನೆ. ಅವಳನ್ನು ಕಂಡು ಓಡಿಬಂದ.

"ಯಾಕತ್ಗೆ ಇಲ್ಲಿಗಂಟ ಬರಕ್ಕೋದ್ರಿ? ಒಂದ್ ಫೋನ್ ಮಾಡಿದ್ರೆ ನಾನೇ ಬರ್ತಿರ್ನಿಲ್ವಾ?"

ಅವಳು ನನ್ನನ್ನೂ ಚೀಟಿಯನ್ನೂ ಅವನ ಕೈಗಿತ್ತಳು. ಅವನು ಓದಿದ. ವಾಲಿದ ಅಂಕಿಯ ಮೇಲೆ ಹೆಬ್ಬೆರಳಾಡಿಸಿದ.

"ಅಂಗಾರೆ... ಚೀಲ್ದಲ್ಲಿ ನಿಜ್ವಾಗ್ಲೂ ಇದಿರ್ನಿಲ್ವಾ ಅತ್ಗೆ? ನನ್ ಆಟ ಸಾಲ್ದು ಅಂತ ಕೂರ್ಸಿದ್ದಲ್ವಾ?"

"ಚೆನ್ನಾಗಿ ಆಡ್ತಿದ್ರಿ ಅಂತ ಬರ್ದಿದಾರಲ್ಲ."

"ಅದ್ನ ಒಂದಪ ಬಾಯ್ಬುಟ್ಟು ಹೇಳ್ಬಾರ್ದಿತ್ತಾ ಅವ್ನು? ದಿನಾ ಸಿಗ್ತಿದ್ನಲ್ಲ. ದಿನಾ ಟೀ ಕುಡೀತಿದ್ವಲ್ಲ."

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಬಟ್ಟೆಯ ಮಾತು ಯಾರಿಗೆ ಕೇಳುತ್ತದೆ? ಅವನು ಬೈಯಲು ಬಾಯಿ ತೆರೆದ. ಯಾರನ್ನು ಬೈಯುವುದು? ಎದುರಿಗಿದ್ದವಳ ಹಣೆ ಖಾಲಿಯಿತ್ತು.

"ಅವರು ಇಸ್ಕೊಂಡು ವಾಪಸ್ ಕೊಡ್ದೇ ಇದ್ದಿದ್ದು ಇದೊಂದೇ," ಎಂದಳು ಅವಳು. "ತಡ ಆಯ್ತು."

ಅವನು ತಲೆಯಾಡಿಸಿದ. ಆಮೇಲೆ, ತನಗೇ ಅರಿವಿಲ್ಲದಂತೆ, ನನ್ನ ಒಳಮೈ ಹೊರಗೆ ಮಾಡಿ, ಹೆಗಲಿನ ಅಂಚು ಜೋಡಿಸಿ, ಬಿಗಿಯಾಗಿ ಸುರುಳಿ ಸುತ್ತಿದ. ಉಳಿದ ಹನ್ನೊಂದು ಮಂದಿ ಸುತ್ತುವುದನ್ನು ಅಂದು ನೋಡಿದ್ದಷ್ಟೇ, ಅವನ ಕೈ ಪದ್ಧತಿ ಮರೆತಿರಲಿಲ್ಲ.

ಇಡಲು ಚೀಲವಿರಲಿಲ್ಲ. ಬಿಂದುಶ್ರೀ ಗೇಟು ದಾಟಿ ಹೋಗುವವರೆಗೂ ನನ್ನನ್ನು ಹಿಡಿದುಕೊಂಡೇ ನಿಂತಿದ್ದ.