ಕಚ್ಚಿದ ಬೆಳ್ಳಿ

ಚಮಚದ ಗುಂಡಿಯಲ್ಲಿ ತನ್ನದೇ ಮುಖ ಕಂಡಾಗ ಕಿಡಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಮೂಗು, ಹುಬ್ಬು, ಹಣೆಯ ಬೆವರು ಎಲ್ಲ ನಿಚ್ಚಳ. ಅಪ್ಪನ ಬೆಳ್ಳಿ ಕೆಲಸದಂಗಡಿಯ ಪಾಲಿಶ್ ಗಾಲಿ ಇನ್ನೂ ಗುಂಯ್‌ಗುಡುತ್ತಿತ್ತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ನುಣ್ಣಗೆ. ಬೆಳಿಗ್ಗೆ ಅಲ್ಲಿ ಎರಡು ಪುಟ್ಟ ತಗ್ಗುಗಳಿದ್ದವು, ಯಾವುದೋ ಮಗು ಕಚ್ಚಿ ಮೂಡಿಸಿದ್ದು.

ಆ ತಗ್ಗುಗಳಿಗೋಸ್ಕರವೇ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಆ ಬೆಳ್ಳಿ ಚಮಚ ತಂದುಕೊಟ್ಟಿದ್ದಳು. ಹಿಡಿ ಕತ್ತರಿಸಿ ಗುಂಡಿಯನ್ನು ಪದಕ ಮಾಡಬೇಕು. "ಕೊರಳಲ್ಲಿದ್ರೆ ಬೇಕು ಅನ್ಸಿದಾಗ ಮುಟ್ಕೋಬಹುದು" ಎಂದಿದ್ದಳು. ಅದನ್ನು ಕಚ್ಚಿದ ಮಗಳು ಈಗ ಎಲ್ಲಿದ್ದಾಳೆಂದು ಕಿಡಿಯ ಅಪ್ಪ ಕೇಳಿದ್ದಕ್ಕೆ, "ಅವರಪ್ಪನ ಹತ್ರ. ನಾನೇ ಮನೆ ಬಿಟ್ಟು ಬಂದೆ. ಆಮೇಲೆ ನೋಡೋಕೂ ಬಿಡ್ಲಿಲ್ಲ" ಎಂದು ರಸ್ತೆಯ ಕಡೆ ಮುಖ ಮಾಡಿದ್ದಳು.

ನಾನೇ ಬಿಟ್ಟು ಬಂದೆ. ಗಾಲಿಯ ಮುಂದೆ ಕೂತಾಗಲೂ ಆ ಮಾತು ಕಿಡಿಯ ಕಿವಿಯಲ್ಲೇ ಇತ್ತು. ಅವನ ಅಮ್ಮನೂ ಹೀಗೇ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಇತ್ತ ತಿರುಗಿಯೂ ನೋಡಿರಲಿಲ್ಲ. ಆಗ ಅವನು ಅಕ್ಕನ ಸೊಂಟದ ಮೇಲಿದ್ದ. ಎಲ್ಲಿದ್ದಾಳೋ, ಕೊರಳಲ್ಲಿ ಏನು ಹಾಕ್ಕೊಂಡಿದ್ದಾಳೋ. ಬಿಟ್ಟು ಹೋಗೋದಂತೆ, ಆಮೇಲೆ ಪದಕ ಬೇರೆ ಕೇಡು! ಚಮಚವನ್ನು ಗಾಲಿಗೆ ಒತ್ತಿದ. ಒತ್ತಿದ ಅಂದರೆ ಒತ್ತಿದ. ಶಾಲೆ ಬಿಟ್ಟಂದಿನಿಂದ ಆ ಕೈ ಕಲಿತದ್ದೂ ಅದೊಂದನ್ನೇ: ಗೀರು ಕಂಡರೆ ತೆಗಿ, ತಗ್ಗು ಕಂಡರೆ ಸವರು, ಮುಖ ಕಾಣುವ ತನಕ ಬಿಡಬೇಡ.

ಅಪ್ಪ ಕನ್ನಡಕ ಹಣೆಗೇರಿಸಿ ಬಂದು ನೋಡಿದ. "ಏನೋ ಮಾಡಿಟ್ಟೆ?"

"ಕಾಣ್ತಿಲ್ವಾ? ಹೊಳಪು. ನೀನೇ ಕಲಿಸಿದ್ದು."

"ಹೊಳಪು ಯಾರೋ ಕೇಳಿದ್ರು? ನಾಳೆ ಆಯಮ್ಮ ಬರ್ತಾಳೆ. ನೀನೇ ಹೇಳ್ಕೋ, ನಾನಂತೂ ಬಾಯಿ ಬಿಡಲ್ಲ."

ಹೇಳುವುದು ಹೇಗೆ? ಕಿಡಿಗೆ ಅಕ್ಕನ ಮಗ ನೆನಪಾದ, ಸಿಕ್ಕಿದ್ದನ್ನೆಲ್ಲ ಕಚ್ಚುವ ಭೂಪ. ಹಿಡಿಯನ್ನು ಕತ್ತರಿಸಿ ಪಕ್ಕಕ್ಕಿಟ್ಟು ಗುಂಡಿಯನ್ನು ಕಾಯಿಸಿ ಮೆತ್ತಗೆ ಮಾಡಿದ, ಅಂಚನ್ನು ಅರದಿಂದ ತೆಳುವಾಗಿಸಿದ, ತಿಕ್ಕಿ ತೊಳೆದು ಮನೆಗೆ ಓಡಿದ.

"ನನ್ನ ಮಗನ ಬಾಯಿಗೆ ಅದೇನೋ ತುರುಕ್ತಿದೀಯ?" ಅಕ್ಕ ಅಡುಗೆಮನೆಯಿಂದಲೇ ಕೂಗಿದಳು.

"ಬೆಳ್ಳಿ ಕಣೇ, ತೊಳೆದಿದೀನಿ. ಇವನು ಕಚ್ಚಿದ್ರೆ ನಿನ್ನ ತಮ್ಮನ ಮಾನ ಉಳಿಯತ್ತೆ. ಕಚ್ಚೋ ಅಳಿಯರಾಯ! ಅಯ್ಯೋ, ನನ್ನ ಬೆರಳಲ್ಲ ಮಾರಾಯ, ಇದನ್ನ!"

ಮಾರನೆಯ ದಿನ ಹೆಂಗಸು ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹೆಬ್ಬೆರಳು ಅಂಚಿನುದ್ದಕ್ಕೂ ಮೆಲ್ಲಗೆ ಸರಿಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೆ ತಡವಿತು.

"ನಾಲ್ಕಿದೆ" ಎಂದಳು. "ಅವಳಿಗೆ ಆಗ ಕೆಳಗಡೆ ಎರಡೇ ಹಲ್ಲು."

ರಾತ್ರಿಯೆಲ್ಲ ಹೆಣೆದಿಟ್ಟಿದ್ದ ಸುಳ್ಳು ಕಿಡಿಯ ನಾಲಿಗೆಗೆ ಬರಲಿಲ್ಲ. "ಅವಳದ್ದು ಹೋಯ್ತು. ಪಾಲಿಶ್ ಮಾಡುವಾಗ ನಾನೇ ಅಳಿಸಿದೆ. ಸಿಟ್ಟು ಬಂದಿತ್ತು. ಇದು ನಮ್ಮಕ್ಕನ ಮಗಂದು."

"ಸಿಟ್ಟಾ? ಯಾರ ಮೇಲಪ್ಪಾ?"

ಅವನು ಮುಖ ಮುಂದೆ ಮಾಡಿದ. ಕೆನ್ನೆಗೆ ಒಂದು ಬಿಗಿದರೂ ಬಿಗಿಯಲಿ ಎಂದು ನಿಂತಿದ್ದ. ಅವಳು ಆ ನಾಲ್ಕು ತಗ್ಗುಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿದಳು.

"ಕಚ್ಚುವಾಗ ನಕ್ಕನಾ?"

"ನಕ್ಕ. ನನ್ನ ಅಂಗೈ ತುಂಬ ಜೊಲ್ಲು."

"ಅವಳೂ ಅಷ್ಟೇ. ಚಮಚ ಎಳೆದಷ್ಟೂ ನಗೋಳು, ಬಿಡ್ತಾನೇ ಇರ್ಲಿಲ್ಲ."

ಕಿಡಿ ಕೇಳಿಯೇಬಿಟ್ಟ. "ಬಿಟ್ಟು ಬರುವಾಗ… ಇದನ್ನೇ ಯಾಕೆ ತಂದ್ರಿ?"

"ತಂದಿದ್ದಲ್ಲ. ಅವಳಿಗೆ ಊಟ ಮಾಡಿಸ್ತಾ ಇದ್ದೆ. ಜಗಳ ಆಯ್ತು. ಅವರಪ್ಪ ಮಗೂನ ಕಿತ್ಕೊಂಡ್ರು. ಬಸ್ಸಲ್ಲಿ ಕೂತ ಮೇಲೆ ನೋಡ್ತೀನಿ, ಇದು ಕೈಯಲ್ಲೇ ಇದೆ."

ಅವಳು ಪದಕವನ್ನು ಮೇಜಿನ ಮೇಲಿಟ್ಟು ಅವನ ಕಡೆ ದೂಡಿದಳು. "ಇದನ್ನ ನಿಮ್ಮಕ್ಕನಿಗೆ ಕೊಡು. ನಾನು ಹಿಡ್ಕೊಂಡಿದ್ದ ಹಿಡಿ ಎಲ್ಲಿ?"

ಹಿಡಿ ಇನ್ನೂ ಗಾಲಿಯ ಬಾಯಿಗೆ ಬಿದ್ದಿರಲಿಲ್ಲ, ಕಪ್ಪಿಟ್ಟೇ ಇತ್ತು. ಕಿಡಿ ಒರೆಸಲು ಬಟ್ಟೆ ಎತ್ತಿಕೊಂಡ. ಅವಳು ಅವನ ಕೈಯಿಂದ ಹಿಡಿಯನ್ನು ಹಾಗೇ ಕಿತ್ತುಕೊಂಡು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ರಸ್ತೆ ದಾಟಿದಳು.

ಒಳಗೆ ಅಪ್ಪ ಮೂಸೆ ಕಾಯಲಿಟ್ಟಿದ್ದ. "ಬೆಳ್ಳಿ ಚೂರು ಎಲ್ಲ ತಗೊಂಡ್ ಬಾ, ಕರಗಿಸೋಣ."

ಕಿಡಿ ಮೇಜಿನ ಮೇಲಿನ ಚೂರುಗಳನ್ನು ಬಾಚಿದ. ಅವುಗಳಲ್ಲಿದ್ದ ಒಂದು ತೆಳು ತಗಡನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿದ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. ದೊಡ್ಡ ದೊಡ್ಡ, ಸೊಟ್ಟ ಗುರುತುಗಳು, ಅಮ್ಮ ನೋಡಿಯೇ ಇರದ ಹಲ್ಲುಗಳದ್ದು.

"ಏನೋ ಅದು? ಹಾಕು ಇದಕ್ಕೆ."

ಉಳಿದದ್ದನ್ನೆಲ್ಲ ಅವನು ಮೂಸೆಗೆ ಸುರಿದ. ತಗಡು ಅವನ ಮುಷ್ಟಿಯಲ್ಲಿ ಬೆಚ್ಚಗಾಗುತ್ತಿತ್ತು.