ಒಳಗಿನ ಹೊಲಿಗೆ

ಬೀದಿಯವರ ಪ್ಯಾಂಟುಗಳ ಬಿಗಿಯನ್ನೆಲ್ಲ ಸಡಿಲಿಸಿಕೊಟ್ಟ ಟೈಲರಿಗೆ ತನ್ನದೇ ಒಂದು ಬಿಗಿಯನ್ನು ಡಾಕ್ಟರಿಗೆ ತೋರಿಸಲು ಅರ್ಧ ಆಯುಸ್ಸು ಹಿಡಿಯಿತು. ಶಿಶ್ನದ ಮುಂದೊಗಲು ಹಿಂದೆ ಸರಿಯುತ್ತಿರಲಿಲ್ಲ. ಹೆಂಡತಿಯ ಹತ್ತಿರ ಹೋದರೆ ಪ್ರಾಣ ಹೋಗುವಷ್ಟು ನೋವು. ಅದನ್ನು ಬಾಯಿಬಿಟ್ಟು ಹೇಳುವ ಬದಲು ರಾತ್ರಿಯೆಲ್ಲ ಹೊಲಿಗೆ ಇದೆ ಎನ್ನುತ್ತಿದ್ದ. ಇಂಥ ದುಡಿಮೆಗಾರ ಗಂಡ ಇನ್ನೊಬ್ಬನಿಲ್ಲ ಎಂದು ಬೀದಿ ಹೊಗಳಿತು. ಕಾಜಾ ಹೊಲಿದು, ಗುಂಡಿ ಹಾಕಿ ಅಂಗಡಿಯ ಅರ್ಧ ಕೆಲಸ ಎಳೆಯುತ್ತಿದ್ದ ಹೆಂಡತಿ ಮಾತ್ರ ಒಂದು ದಿನ ಪೆಟ್ಟಿಗೆ ತುಂಬಿಕೊಂಡು ಅಕ್ಕನ ಮನೆಗೆ ಹೋದಳು.

ಆಮೇಲೆ ಅವನಿಗೆ ಧೈರ್ಯ ಬಂತು. ಡಾಕ್ಟರು ಬಿಗಿದ ಚರ್ಮವನ್ನು ಕತ್ತರಿಸಿ ತೆಗೆದು, ತಾನಾಗಿಯೇ ಕರಗುವ ದಾರದಲ್ಲಿ ಹೊಲಿದು ಕಳಿಸಿದರು. ಪೂರ್ತಿ ವಾಸಿಯಾದ ಮೇಲೆ ಹೋಗಿ, ಎಲ್ಲ ಹೇಳಿ, ಹೆಂಡತಿಯನ್ನು ಕರೆತರಬೇಕೆಂದುಕೊಂಡ.

ಉಗುರುಬೆಚ್ಚಗಿನ ನೀರು, ಸೋಪು ಬೇಡ, ಉಜ್ಜದೆ ಒತ್ತಿ ಒರೆಸುವುದು, ವ್ಯಾಸಲೀನ್ ಸವರುವುದು, ಹೇಳಿದ್ದೆಲ್ಲ ಮಾಡಿದ. ಗಾಯ ಮಾಯುತ್ತ ಬಂತು. ಆದರೆ ಇಷ್ಟು ವರ್ಷ ಗಾಳಿಯನ್ನೇ ಕಾಣದ ತುದಿಗೆ ಬಟ್ಟೆ ಸೋಕಿದರೆ ಸಾಕು, ಮೈಯೆಲ್ಲ ಝುಮ್ಮೆನ್ನುವುದು.

"ಅಭ್ಯಾಸ ಆಗ್ಬೇಕು. ಮೆತ್ತಗಿರೋ ಹತ್ತಿ ಬಟ್ಟೆ ಸಡಿಲವಾಗಿ ಹಾಕ್ಕೊಳ್ಳಿ, ಕೆಲವು ವಾರಕ್ಕೆ ತಾನೇ ಕಡಿಮೆಯಾಗತ್ತೆ," ಎಂದರು ಡಾಕ್ಟರು.

ಬಟ್ಟೆಯ ಪಾಠ ತನಗೇ! ಅಂಗಡಿಯಲ್ಲಿದ್ದ ಬಟ್ಟೆಯ ತಾನುಗಳನ್ನೆಲ್ಲ ಮುಟ್ಟಿ ನೋಡಿದ, ಎಲ್ಲವೂ ಗೋಣಿಚೀಲವೆನ್ನಿಸಿತು. ಕೊನೆಗೆ ಸಿಕ್ಕಿದ್ದು ಅಂಗಡಿಗೆ ಅಂಟಿದ ಮನೆಯ ಬಾಗಿಲ ಹಿಂದೆ ಹೆಂಡತಿ ಬಿಟ್ಟುಹೋದ ನೈಟಿ, ಒಗೆದೊಗೆದು ಬೆಣ್ಣೆಯಂತಾದದ್ದು. ಅದನ್ನೇ ಕತ್ತರಿಸಿ ಚಡ್ಡಿ ಹೊಲಿದುಕೊಂಡ. ಆದರೂ ಉರಿ ತಪ್ಪಲಿಲ್ಲ. ಕಾಲು ಅಗಲಿಸಿ ನಡೆಯುತ್ತಿದ್ದವನನ್ನು ಪಕ್ಕದಂಗಡಿಯ ಕ್ಷೌರಿಕ ಕೇಳಿಯೇಬಿಟ್ಟ: "ಏನಣ್ಣಾ, ಕುದುರೆ ಎಲ್ಲಿ ಕಟ್ಟಿ ಬಂದೆ?"

ಆ ವಾರವೇ ಹೆಂಡತಿ ಉಳಿದ ಬಟ್ಟೆ ಒಯ್ಯಲು ಬಂದಳು.

"ನನ್ನ ನೈಟಿ ಎಲ್ರೀ?"

ಟೈಲರ್ ಹಗ್ಗದ ಮೇಲೆ ಒಣಗುತ್ತಿದ್ದ ಚಡ್ಡಿಯ ಕಡೆ ನೋಡಿದ. ಅವಳೂ ನೋಡಿದಳು. ನೀಲಿ ಹೂಗಳು ಅವಳವೇ.

"ಇದೇನಿದು ಅವತಾರ?"

ಹೇಳದೆ ಗತಿಯಿರಲಿಲ್ಲ. ಹೇಳಿದ, ಮೊದಲಿಂದ ಕೊನೆತನಕ. "ಇನ್ನು ಸ್ವಲ್ಪ ದಿನ ಅಷ್ಟೇ. ವಾಪಸ್ ಬಂದ್ಬಿಡು."

ಅವಳು ಮಿಷಿನ್ ಮುಂದಿನ ಸ್ಟೂಲಿನ ಮೇಲೆ ಕುಸಿದಳು. ನಗುತ್ತಾಳೆಂದು ಅವನು ಕಾದ.

"ನೋವಾ? ಬರೀ ನೋವಾ? ನಾನು ಕನ್ನಡಿ ಮುಂದೆ ನಿಂತು ನನ್ನಲ್ಲೇನು ಐಬಿದೆ ಅಂತ ಹುಡುಕ್ತಿದ್ದೆ ರೀ. ನನ್ನ ಬೆವರು ನಾರತ್ತಾ ಅಂತ ಅಕ್ಕನಿಗೆ ಮೂಸಿ ನೋಡೋಕೆ ಹೇಳಿದ್ದೆ."

"ನಾಚಿಕೆ ಆಗ್ತಿತ್ತು ಕಣೇ."

"ನಿಮ್ಮ ನಾಚಿಕೆನ ಇಷ್ಟು ವರ್ಷ ನಾನು ಹೊತ್ತೆ."

"ಈಗ ಗೊತ್ತಾಯ್ತಲ್ಲ."

"ಗೊತ್ತಾಯ್ತು. ನಾನು ನಿಮಗೆ ಬೇಡವಾಗಿದ್ದೀನಿ ಅಂದ್ಕೊಂಡಿದ್ದಾಗ ಎಂದಾದ್ರೂ ಬೇಕಾದೇನು ಅಂತ ಆಸೆಯಿತ್ತು. ನಾನು ಬೇಕಾಗಿದ್ದೂ ಹೀಗೆ ಮಾಡಿದ್ರಿ ಅಂದ್ರೆ, ಇನ್ನೇನಕ್ಕೆ ಬರ್ಲಿ?"

ಎದ್ದವಳು ಚಡ್ಡಿಯನ್ನು ಹಗ್ಗದಿಂದೆಳೆದು, ಅಂಗಡಿಯ ಅಭ್ಯಾಸದಂತೆ ಒಳಗಡೆ ಹೆಬ್ಬೆರಳು ಓಡಿಸಿದಳು.

"ಹೊಲಿಗೆ ಒಳಗೆ ಬಿಟ್ಟಿದ್ದೀರಿ. ಉಜ್ಜದೆ ಇನ್ನೇನು? ತಿರುಗಿಸಿ ಹಾಕ್ಕೊಳ್ಳಿ."

ಹೊರಗೆ ಅಂದ ಕಾಣಲೆಂದು ಹೊಲಿಗೆಯನ್ನು ಒಳಗೆ ಮುಚ್ಚುವುದು ಅವನ ಕೈಗೆ ಅಂಟಿದ ವಿದ್ಯೆ. ಯಾರೂ ನೋಡದ ಚಡ್ಡಿಗೂ ಅದನ್ನೇ ಮಾಡಿದ್ದ. ಅವಳು ಅದನ್ನು ತಿರುಗಿಸಿ, ಮಡಿಸಿ, ಮಿಷಿನ್ ಮೇಲಿಟ್ಟು ಹೋದಳು. ತೊಟ್ಟುಕೊಂಡು ನೋಡಿದ. ಉರಿ ಅರ್ಧಕ್ಕರ್ಧ ಇಳಿದಿತ್ತು.

ಮುಂದಿನ ಸಲ ಡಾಕ್ಟರು ಪರೀಕ್ಷಿಸಿ, "ಚೆನ್ನಾಗಿ ಮಾಗಿದೆ. ಇನ್ನು ಸಂಸಾರಕ್ಕೆ ಏನೂ ಅಡ್ಡಿಯಿಲ್ಲ," ಎಂದು ಬೆನ್ನು ತಟ್ಟಿದರು.

"ಸಂತೋಷ ಡಾಕ್ಟ್ರೇ," ಎಂದ ಟೈಲರ್. ಅವರ ಕೋಟಿನ ಗುಂಡಿಯೊಂದು ಜೋತಾಡುತ್ತಿತ್ತು. "ಅಂಗಡಿಗೆ ಕಳಿಸಿ, ಹಾಕಿಸಿಕೊಡ್ತೀನಿ."

ಯಾರ ಕೈಲಿ, ಗುಂಡಿ ಹಾಕುವವಳೇ ಇಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು.