ಇಪ್ಪತ್ತೇಳು ಕತ್ತೆಗಳು

"ಏನುಂಗ, ಈ ದೀಪಕ್ಕೆ ಬಾಲ ಇದ್ದಂಗಿದೆಯಲ್ಲಾ?"

ಮಗ್ಗದಡಿ ಕೈಗನ್ನಡಿ ಹಿಡಿದು ಬಗ್ಗಿದ್ದ ಸೀತಮ್ಮ ಹೀಗೆ ಕೇಳಿದಾಗ ಅವಳ ಗಂಡ, ಕೊಯಮತ್ತೂರು ಕಡೆಯ ಕನ್ನಡ ನೇಕಾರ ಉಮಾಪತಿ, ಲಾಳಿ ನಿಲ್ಲಿಸಲಿಲ್ಲ. ನೇಯುವವನ ಕಣ್ಣಿಗೆ ಕಾಣುವುದು ಸೀರೆಯ ಬೆನ್ನು ಮಾತ್ರ; ಮುಖ ನೆಲದ ಕಡೆಗಿರುತ್ತದೆ. ಆಗಾಗ ಕನ್ನಡಿ ಹಿಡಿದು ಆ ಮುಖ ನೋಡಿ ಹೇಳುವುದು ಸೀತಮ್ಮನ ಕೆಲಸ. ಮೊಣಕಾಲು ನೋವೆಂದು ಅವಳು ಎರಡು ದಿನ ಬಗ್ಗಿರಲಿಲ್ಲ. ಆ ಎರಡು ದಿನದಲ್ಲಿ ಸೆರಗಿನ ಮೂರು ಸಾಲು ಮುಗಿದಿದ್ದವು.

"ಬಾಲ ಅಲ್ಲ, ಎಣ್ಣೆ ಸೋರ್ತಾ ಇರೋದನ್ನ ಭೂಮಿ ಬರೆದಿರ್ತಾಳೆ. ಈಗಿನ ಕಾಲದ ಡಿಸೈನು," ಅಂದ ಉಮಾಪತಿ.

"ಕಿವೀನೂ ಇದೇಂಗ. ಎರಡು."

ಪಡಸಾಲೆಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಮಗಳು ಭೂಮಿ ಸಟ್ಟನೆ ತಲೆಯೆತ್ತಿದಳು. ಬಾಲ, ಎರಡು ಕಿವಿ. ಅವಳು ಲ್ಯಾಪ್‌ಟಾಪನ್ನು ಚಾಪೆಯ ಮೇಲಿಟ್ಟು ಓಡಿಬಂದು ಅಮ್ಮನ ಪಕ್ಕ ನೆಲಕ್ಕೆ ಕವುಚಿ ಕನ್ನಡಿಯಲ್ಲಿ ಇಣುಕಿದಳು. ಸಾಲಿಗೆ ಒಂಬತ್ತರಂತೆ ಮೂರು ಸಾಲು, ಒಟ್ಟು ಇಪ್ಪತ್ತೇಳು ಕತ್ತೆಗಳು, ಬೆನ್ನ ಮೇಲೆ ಬಿದ್ದು ನಾಲ್ಕೂ ಕಾಲು ಆಕಾಶಕ್ಕೆತ್ತಿಕೊಂಡು ಒದೆಯುತ್ತಿದ್ದವು. ಪಂಚಾಂಗದಲ್ಲಿ ನಕ್ಷತ್ರಗಳೂ ಇಪ್ಪತ್ತೇಳೇ. ಆದರೆ ಅವನ್ನು ಯಾರೂ ನಿಶ್ಚಿತಾರ್ಥದ ಸೀರೆಯಲ್ಲಿ ಹೀಗೆ ಮಲಗಿಸಿರಲಾರರು.

ಕತ್ತೆಯ ಪೂರ್ವಾಪರ ಹೇಳಬೇಕು. ಕೊಯಮತ್ತೂರಿನಲ್ಲಿ ಓದುವ ಯಶ್ವಂತ್ ಎಂಬ ಹಾಸನದ ಹುಡುಗ ಒಂದು ಪುಟ್ಟ ಕಂಪ್ಯೂಟರ್ ಆಟ ಮಾಡಿದ್ದ. ಹೊಲದಲ್ಲಿ ಬೆಳೆ ತೆಗೆಯಬೇಕು, ಮೂಟೆಗಳನ್ನು ಕತ್ತೆಯ ಮೇಲೆ ಹೇರಿ ಸಂತೆಗೆ ಸಾಗಿಸಬೇಕು, ಅಷ್ಟೇ. ಆದರೆ ಅವನು ಬರೆದ ಪ್ರೋಗ್ರಾಮಿನಲ್ಲಿ ಎಲ್ಲೋ ಎಡವಟ್ಟಾಗಿ, ತೆಂಗಿನಮರಕ್ಕೆ ತಗುಲಿದ ಕೂಡಲೇ ಕತ್ತೆ ಅಂಗಾತ ಬಿದ್ದು, ಬಿದ್ದಲ್ಲೇ ನಡೆಯತೊಡಗುತ್ತಿತ್ತು. ಅವನು ಮೂರು ಸಲ ಸರಿಮಾಡಿದ. ಮೂರು ಸಲವೂ ಕತ್ತೆ ಹೊಸ ಜಾಗದಲ್ಲಿ ಬಿತ್ತು. ಆಟ ಆಡುವವರ ಆನ್‌ಲೈನ್ ಗುಂಪಿನಲ್ಲಿದ್ದ ನಾನೂರು ಮಂದಿಗೆ ಆಟಕ್ಕಿಂತ ಈ ಕತ್ತೆಯೇ ಪ್ರಿಯವಾಯಿತು. ಯಾರದಾದರೂ ಕಂಪ್ಯೂಟರ್ ನಿಂತುಹೋದರೆ, ಪರೀಕ್ಷೆ ಕೈಕೊಟ್ಟರೆ, ಮಾಡಿದ ಕೆಲಸವೆಲ್ಲ ಸೇವ್ ಆಗದೆ ಅಳಿಸಿಹೋದರೆ ಸಮಾಧಾನಕ್ಕೆ ಎಲ್ಲರೂ ಕಾಲು ಮೇಲಾದ ಕತ್ತೆಯ ಚಿತ್ರ ಕಳಿಸುವರು. ಆ ಚಿತ್ರ ಬರೆದುಕೊಟ್ಟವಳು ಭೂಮಿ.

ಅವಳು ಅದನ್ನು ಬರೆದದ್ದು ಸೀರೆ ಡಿಸೈನ್ ಮಾಡುವ ಸಾಫ್ಟ್‌ವೇರಿನಲ್ಲಿ. ಆಟದ ಚಿತ್ರವಾಗಲಿ ಸೀರೆಯ ಚಿತ್ರವಾಗಲಿ ಪುಟ್ಟ ಚೌಕ ತುಂಬಿಯೇ ಬರೆಯುವುದು; ಚೌಕ ಎಲ್ಲಿದ್ದರೂ ಚೌಕವೇ ತಾನೇ? ಹೊಸ ಫೈಲ್ ತೆರೆಯುವ ಸೋಮಾರಿತನಕ್ಕೆ ಸೀರೆಗೆಂದು ಬರೆದಿದ್ದ ದೀಪದ ಫೈಲಿನ ನಕಲನ್ನೇ ತೆರೆದು, ದೀಪ ಅಳಿಸಿ ಕತ್ತೆ ಕೂರಿಸಿದ್ದಳು. ಫೈಲುಗಳಿಗೆ ಅವಳು ಹೆಸರಿಡುತ್ತಿದ್ದ ಕ್ರಮವೂ ಹಾಗೇ. 'ದೀಪಂ ಫೈನಲ್', 'ದೀಪಂ ಫೈನಲ್ ಎರಡು', 'ದೀಪಂ ಇದೇ ಫೈನಲ್'. ಕತ್ತೆ ಇದ್ದದ್ದು 'ದೀಪಂ ಸತ್ಯವಾಗ್ಲೂ ಫೈನಲ್'ನಲ್ಲಿ. ಮಗ್ಗಕ್ಕೆ ಬೇಕಾದ ಅಟ್ಟೆ, ಅಂದರೆ ತೂತು ಹೊಡೆದ ರಟ್ಟುಗಳನ್ನು, ಮಾಡಿಕೊಡುವ ತಮಿಳ್‌ಸೆಲ್ವಿ ಪೆನ್‌ಡ್ರೈವ್ ಹಾಕಿ ನೋಡಿದಳು, ಬುದ್ಧಿವಂತೆಯಾದ್ದರಿಂದ ಕೊನೆಯದನ್ನೇ ತೆಗೆದುಕೊಂಡಳು. ಅಷ್ಟು ಸತ್ಯವಂತ ಹೆಸರನ್ನು ನಂಬಿದ್ದು ಅವಳ ತಪ್ಪೇ?

ಬೇರೆ ಸೀರೆಯಾಗಿದ್ದರೆ ನಕ್ಕುಬಿಡಬಹುದಿತ್ತು. ಮೂವತ್ತು ವರ್ಷ ಉಮಾಪತಿಗೆ ಚೌಕದ ಕಾಗದದ ಮೇಲೆ ಡಿಸೈನ್ ಬರೆದುಕೊಟ್ಟ ದಂಡಪಾಣಿಗೆ ಹೋದ ವರ್ಷ ಕಣ್ಣು ಮಂಜಾಯಿತು. ಇನ್ನು ಚಿತ್ರವಿಲ್ಲದ ಪಟ್ಟೆ ಸೀರೆ ನೇಯ್ದರೆ ಸಾಕು ಎಂದು ಉಮಾಪತಿ ಕೈಚೆಲ್ಲಿದಾಗ ಭೂಮಿ ನಾನು ಬರೀತೀನಿ ಎಂದು ಹಟ ಹಿಡಿದಳು. "ಚಿತ್ರಕ್ಕೆ ಕೈ ಬೇಕು ಮಗಳೇ, ಕರೆಂಟ್ ಅಲ್ಲ," ಎಂದು ತಿಂಗಳುಗಟ್ಟಲೆ ತಳ್ಳಿಹಾಕಿದವನು ಕಡೆಗೆ ಒಂದು ಸೀರೆಗೆ ಒಪ್ಪಿದ. ಆ ಸೀರೆ ಸರಿಬಂದರೆ ಮಗ್ಗಕ್ಕೆ ಇನ್ನು ಅವಳೇ ಬರೆಯುವುದು. ಇಲ್ಲವಾದರೆ ಬರುವ ಸೋಮವಾರದಿಂದಲೇ ತಿರುಪ್ಪೂರಿನಲ್ಲಿ ಲೋಗನಾಥನ್ ಚಿಕ್ಕಪ್ಪ ಹೇಳಿಟ್ಟಿದ್ದ ಮಿಲ್ಲಿನ ಆಫೀಸಿನ ಕೆಲಸ. ಭೂಮಿಗೆ ಆ ಆಫೀಸು ಸುತರಾಂ ಬೇಡವಾಗಿತ್ತು. ಸಾಲು ದೀಪದ ಸೀರೆ ಕೇಳಿದ್ದವಳು ಶಾರದ, ಕರ್ನಾಟಕದಿಂದ ಬಂದು ಕೊಯಮತ್ತೂರಿನಲ್ಲಿರುವ ಇಂಜಿನಿಯರು. ಅವಳ ನಿಶ್ಚಿತಾರ್ಥಕ್ಕೆ ಇನ್ನೂ ಹದಿನೆಂಟು ದಿನವಿತ್ತು.

ಉಮಾಪತಿ ಮಗ್ಗದ ಗುಂಡಿಯಿಂದ ಎದ್ದು ಬಂದು ಕನ್ನಡಿಯಲ್ಲಿ ನೋಡಿದ.

"ತಮಿಳ್‌ಸೆಲ್ವಿ ಯಾರದೋ ಅಟ್ಟೆನ ನಮಗೆ ಕೊಟ್ಬಿಟ್ಟಿದಾಳೆ. ಎಲ್ಲಿ ಫೋನು? ಇವತ್ತು ಅವಳಿಗೆ ಇದೆ," ಅಂದ.

ಸೀತಮ್ಮ ಫೋನು ತಂದುಕೊಟ್ಟಳು. ಭೂಮಿ ಸುಮ್ಮನಿದ್ದರೆ ಸಾಕಿತ್ತು. ಅಪ್ಪ ಬೈಯುತ್ತಾನೆ, ತಮಿಳ್‌ಸೆಲ್ವಿ ತಿರುಗಿ ಬೈಯುತ್ತಾಳೆ, ಗದ್ದಲದಲ್ಲಿ ಯಾರ ಫೈಲು ಯಾವುದೆಂದು ಯಾರು ಕೇಳುತ್ತಾರೆ? ಅಪ್ಪನ ಹೆಬ್ಬೆರಳು ಹೆಸರು ಹುಡುಕುತ್ತ ಹೋಗಿ ನಿಂತಿತು.

"ಬೇಡಾಂಗಪ್ಪಾ. ಅದು ನಂದು," ಅಂದಳು ಭೂಮಿ.

"ಏನು ನಿಂದು?"

"ಕತ್ತೆ. ನಾನೇ ಬರೆದಿದ್ದು. ದೀಪದ ಪೆನ್‌ಡ್ರೈವಲ್ಲಿ ಅದೂ ಸೇರ್ಕೊಂಡಿತ್ತು. ತಮಿಳ್‌ಸೆಲ್ವಿ ಅಕ್ಕನ ತಪ್ಪಿಲ್ಲ."

ಉಮಾಪತಿ ಫೋನನ್ನು ಕೆಳಗಿಟ್ಟ. ಒಂದು ಚೊಂಬು ನೀರು ಕುಡಿದು, "ನಾಳೆ ಬಿಚ್ಚಬೇಕು," ಅಂತಷ್ಟೇ ಹೇಳಿ ಟೀ ಅಂಗಡಿಯ ಕಡೆ ನಡೆದ.

"ಕತ್ತೆ ಬರೆಯೋಕೆ ನಿನಗೆ ಬೇರೆ ಜಾಗ ಸಿಗಲಿಲ್ಲವಾ? ಮಾಡಿದ್ದುಣ್ಣೋ ಮಹಾರಾಯ!" ಎಂದ ಸೀತಮ್ಮ ಇನ್ನೊಮ್ಮೆ ಕನ್ನಡಿಯಲ್ಲಿ ಇಣುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ನಗುತ್ತಿದ್ದಾಳೆಂದು ಅವಳ ಭುಜ ಹೇಳುತ್ತಿತ್ತು.

ಭೂಮಿ ಮೊದಲು ಶಾರದಳಿಗೆ ಇದ್ದದ್ದು ಇದ್ದಹಾಗೆ ಹೇಳಿದಳು; ಇನ್ನೂ ದಿನವಿದೆಯಲ್ಲ ಎಂದಳು ಅವಳು. ಆಮೇಲೆ ತಮಿಳ್‌ಸೆಲ್ವಿಗೆ ಸರಿಯಾದ ಫೈಲನ್ನು, ಅದೊಂದನ್ನೇ, ಕಳಿಸಿದಳು. ಎರಡು ದಿನದಲ್ಲಿ ಹೊಸ ಅಟ್ಟೆ ಸಿಗುವುದಿತ್ತು. ಕಡೆಗೆ ಮನಸ್ಸು ತಡೆಯದೆ ಸೀರೆಯ ಫೋಟೋ ತೆಗೆದು, 'ನನ್ನ ಕಥೆ ಮುಗೀತು' ಎಂದು ಆಟದ ಗುಂಪಿಗೆ ಹಾಕಿದಳು. ಉತ್ತರಗಳು ಜೋಳ ಸಿಡಿದಂತೆ ಬಂದವು. ಒಬ್ಬ 'ಮಗ್ಗವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡು' ಅಂದ. 'ಬ್ಯಾಕಪ್ ಇದೆಯಾ?' ಎಂದು ಇನ್ನೊಬ್ಬಳು. 'ಅನ್‌ಡೂ ಒತ್ತು ತಾಯಿ, ಅನ್‌ಡೂ' ಎಂದು ಹತ್ತಾರು ಜನ. ಯಶ್ವಂತ್ ಮಾತ್ರ 'ಕ್ಷಮಿಸಿ ಅಕ್ಕಾ, ನನ್ನ ಕತ್ತೆ ನಿಮ್ಮ ಮನೆವರೆಗೂ ಬಂದು ಬೀಳುತ್ತೆ ಅಂದುಕೊಂಡಿರಲಿಲ್ಲ' ಎಂದು ಬರೆದಿದ್ದ. ಭೂಮಿಗೆ ಅಳುವಿನ ನಡುವೆಯೇ ನಗು ಬಂತು.

ಮಾರನೆಯ ಬೆಳಿಗ್ಗೆ ಬಿಚ್ಚಲು ಕೂತರು. ಮಗ್ಗಕ್ಕೂ ಅನ್‌ಡೂ ಇದೆ, ಆದರೆ ಅದಕ್ಕೆ ಎರಡು ಜನ ಬೇಕು, ಸೊಂಟವೂ ಗಟ್ಟಿಯಿರಬೇಕು. ಉಮಾಪತಿ ಒಂದು ಅಟ್ಟೆ ಹಿಂದಕ್ಕೆ ತಿರುಗಿಸಿ ತುಳಿಯುವನು, ಹಾಸು ಬಾಯಿ ತೆರೆಯುವುದು, ಭೂಮಿ ಒಂದೊಂದೇ ಎಳೆ ಹೊರಗೆಳೆಯುವಳು. ಮೊದಲು ಗೊರಸು ಹೋಯಿತು, ಆಮೇಲೆ ಕಾಲು, ಆಮೇಲೆ ಹೊಟ್ಟೆ. ಹೀಗೆ ಮೊದಲ ಒಂಬತ್ತು ಕತ್ತೆಗಳು ಹೋದವು. ಭೂಮಿ ಮನಸ್ಸಿನಲ್ಲೇ ಸೋಮವಾರದ ಬಸ್ಸು ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾದಳು.

ಎರಡನೆಯ ಸಾಲಿನ ನಡುವೆ ಉಮಾಪತಿ ಕೇಳಿದ. "ಇದು ಯಾಕೆ ಬಿದ್ದಿದೆ?"

ಅವಳು ಆಟದ ಕಥೆ ಹೇಳಿದಳು. ತೆಂಗಿನಮರ, ಮೂಟೆ, ಯಶ್ವಂತ್ ಮೂರು ಸಲ ಸರಿಮಾಡಿದ್ದು.

"ಬಿದ್ದ ಮೇಲೂ ನಡೀತದಾ?"

"ನಡೀತದೆ ಅಪ್ಪಾ. ಅದಕ್ಕೆ ಬಿದ್ದಿರೋದು ಗೊತ್ತಿಲ್ಲ."

"ಹ್ಞೂಂ," ಅಂದ ಉಮಾಪತಿ. ಹತ್ತು ಎಳೆ ಕಳೆದ ಮೇಲೆ, "ನಮ್ಮ ನೇಕಾರರ ಸೊಸೈಟಿ ಪ್ರೆಸಿಡೆಂಟೂ ಹಾಗೇ," ಅಂದ. ಅಡುಗೆಮನೆಯಿಂದ ಸೀತಮ್ಮ ಕಿಸಕ್ಕೆಂದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಸಾಲು ಉಳಿದಿತ್ತು. ಉಮಾಪತಿ ತುಳಿಯುವುದನ್ನು ನಿಲ್ಲಿಸಿದ. "ಕನ್ನಡಿ ಹಿಡಿ," ಅಂದ. ಭೂಮಿ ಹಿಡಿದಳು. ಅವನು ಕತ್ತು ಬಗ್ಗಿಸಿ ಒಂದೊಂದನ್ನೇ ನೋಡುತ್ತ ಹೋಗಿ, ಕೊನೆಯ ಕತ್ತೆಗೆ ಬರುವಷ್ಟರಲ್ಲಿ ಗೊಳ್ಳೆಂದು ನಕ್ಕ. ಆ ಮನುಷ್ಯ ಹಾಗೆ ನಕ್ಕದ್ದನ್ನು ಭೂಮಿ ಚಿಕ್ಕಂದಿನಲ್ಲಿ ಎಂದೋ ನೋಡಿದ್ದಿರಬೇಕು.

"ದಂಡಪಾಣಿ ಮೂವತ್ತು ವರ್ಷ ನವಿಲು ಬರೆದ," ಅಂದ ಕಣ್ಣೊರೆಸಿಕೊಳ್ಳುತ್ತ. "ಒಳ್ಳೆ ಕೈ. ಆದ್ರೆ ಒಂದು ನವಿಲಾದ್ರೂ ಹೆಜ್ಜೆ ಎತ್ತಲಿಲ್ಲ. ಇದು ನೋಡು, ಒದೀತಾ ಇದೆ."

ಭೂಮಿ ಕನ್ನಡಿಯನ್ನು ಆಚೀಚೆ ಓರೆಮಾಡಿದಳು; ಕತ್ತೆಗಳೆಲ್ಲ ಓಡತೊಡಗಿದವು.

"ಹಂಗಂತ ಸರಿಯಾಗಿದೆ ಅಂತ ಅಲ್ಲ. ಹಿಂಗಾಲಲ್ಲಿ ನೂಲನ್ನ ಎಲ್ಲೂ ಸಿಕ್ಕಿಸದೆ ಹನ್ನೆರಡು ಎಳೆ ಮೇಲೆ ಒಂದೇ ಏಟಿಗೆ ತೇಲಿಬಿಟ್ಟಿದೀಯ. ಬಳೆ ತಗುಲಿದ್ರೆ ಕಿತ್ಕೊಂಡು ಬರ್ತದೆ. ನಡುವೆ ಎರಡು ಕಡೆ ಕಟ್ಟು ಬೇಕು." ಹೀಗೆಂದು ಅವನು ಮತ್ತೆ ತುಳಿದ. ಒಂಬತ್ತು ಕತ್ತೆಗಳೂ ಗೊರಸಿನಿಂದ ಬೆನ್ನಿನವರೆಗೆ ಕರಗಿ, ಸಂಜೆಗೆ ಸೆರಗು ಖಾಲಿಯಾಯಿತು.

ಕೈಕಾಲು ತೊಳೆದು ಬರುವಷ್ಟರಲ್ಲಿ ಲೋಗನಾಥನ ಫೋನು ಬಂತು. ಹುಡುಗಿ ಸೋಮವಾರ ಎಷ್ಟು ಗಂಟೆಯ ಬಸ್ಸಿಗೆ ಬರುತ್ತಾಳೆ ಎಂದು ಅವನು ಕೇಳುತ್ತಿದ್ದದ್ದು ಪಡಸಾಲೆಗೆಲ್ಲ ಕೇಳುತ್ತಿತ್ತು. ಭೂಮಿ ಚಾಪೆಯ ಮೇಲೆ ಕೂತು ಕತ್ತೆಯ ಫೈಲು ತೆರೆದಳು.

"ಸೋಮವಾರ ಮಗಳಿಗೆ ಬರೋಕಾಗಲ್ಲ ಲೋಗು," ಅಂದ ಉಮಾಪತಿ. "ಇಲ್ಲಿ ಒಂದು ಕತ್ತೆಗೆ ಕಾಲು ಸರಿಯಿಲ್ಲ."

ಫೋನನ್ನು ಹಾಗೇ ಚಾಪೆಯ ಮೇಲಿಟ್ಟು, ಒದ್ದೆ ಕೈಯನ್ನು ಟವಲಿಗೆ ಎರಡೆರಡು ಸಲ ಒರೆಸಿಕೊಂಡು, ಮಗಳ ಪಕ್ಕ ಕೂತು ಅವನು ಲ್ಯಾಪ್‌ಟಾಪಿನ ಕಡೆ ಬಗ್ಗಿದ. ಉಗುರಿನಿಂದ ಹಿಂಗಾಲಿನ ಚೌಕಗಳನ್ನು ಎಣಿಸುತ್ತ ಹೋಗಿ ನಾಲ್ಕನೆಯದರ ಮೇಲೆ ನಿಂತ. "ಇದನ್ನ ತೆಗಿ, ಇಲ್ಲೊಂದು ಕಟ್ಟು ಬರ್ಲಿ," ಅಂದ. ಭೂಮಿ ತೆಗೆದಳು. ಚಾಪೆಯ ಮೇಲೆ ಫೋನು, "ಏನು ಕತ್ತೆ? ಅಣ್ಣಾ, ಯಾರ ಕತ್ತೆ?" ಎಂದು ಕೂಗುತ್ತಲೇ ಇತ್ತು.